ಜಾರುವ ಏರಿನಲ್ಲಿ ಜಿಪ್ಸಿ, ಥಾರ್, ಜಿಮ್ನಿ

ಆಷಾಢದಲ್ಲಿ ಹೊಸ ಗಾಡಿಯನ್ನು ಮನೆಗೆ ತರುವವರು ಈ ಕಡೆ ಕಡಿಮೆ. ಆದರೆ ಗಾಡಿಯ ಗುಣ ನೋಡಬೇಕೆಂದರೆ ಇದಕ್ಕಿಂತ ಒಳ್ಳೆಯ ತಿಂಗಳು ಮತ್ತೊಂದಿಲ್ಲ. ಕೆಂಚಮ್ಮನ ಹೊಸಕೋಟೆಯ ಸುತ್ತಿನ ತೋಟಗಳಲ್ಲಿ ಮಳೆ ಹಿಡಿದು ವಾರಗಳಾಗಿವೆ. ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿಯಿಂದ ನೀರು ಇಳಿಯುತ್ತಲೇ ಇದೆ. ತೋಟದ ಗೇಟು ದಾಟಿದ ಕೂಡಲೇ ಶುರುವಾಗುವ ಕೆಮ್ಮಣ್ಣಿನ ಏರು ಎಣ್ಣೆ ಸವರಿದಂತೆ ಹೊಳೆಯುತ್ತಿದೆ. ಟ್ರ್ಯಾಕ್ಟರ್ ಓಡಾಡಿ ಕೊರೆದ ಎರಡು ಜಾಡುಗಳ ತುಂಬ ಕೆಂಪು ನೀರು. ಏರಿನ ನಡುವೆ ಒಂದು ಕಡಿದಾದ ತಿರುವು, ಅದರ ಮೇಲೆ ಕಾಫಿ ಒಣಗಿಸುವ ಕಣ.

ಭಾನುವಾರದ ಬೆಳಗ್ಗೆ ಗೇಟಿನ ಎದುರು ಮೂರು ಗಾಡಿ ನಿಂತಿವೆ. ಬಣ್ಣ ಮಾಸಿದ, ಟಾರ್ಪಾಲಿನ ಟಾಪು ತೇಪೆ ಹಾಕಿಸಿಕೊಂಡ ಮಾರುತಿ ಜಿಪ್ಸಿ ಚಿಕ್ಕಪ್ಪನದು. ಕೆಂಪು ಬಣ್ಣದ ಮಹೀಂದ್ರಾ ಥಾರ್ ಅವರ ಅಣ್ಣನ ಮಗನ ಗೆಳೆಯನದು. ಪಕ್ಕದ ತೋಟದವರು ತಂದ ಜಿಮ್ನಿ ಮೂರನೆಯದು. ಹೊಸ ಗಾಡಿ ಕೊಳ್ಳಬೇಕಾದವನು ಆ ಅಣ್ಣನ ಮಗ. ಕೊಡೆ ಹಿಡಿದು ನಿಂತ ಅವನ ಅಮ್ಮ, ತೋಟದ ಲೆಕ್ಕ ಬರೆಯುವ ರೈಟರು, ಗೊಬ್ಬರದ ಕೆಲಸ ಬಿಟ್ಟು ಬಂದ ನಾಲ್ಕಾರು ಆಳುಗಳು ನೋಡಲು ನಿಂತಿದ್ದಾರೆ.

ಹುಡುಗನ ಮೊಬೈಲಿನಲ್ಲಿ ದಿನವೂ ಫೆರಾರಿಗೂ ಲ್ಯಾಂಬೊರ್ಗಿನಿಗೂ ಪೈಪೋಟಿ. ವಾರದ ಕೊನೆಗೆ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ನೆಲಕ್ಕಂಟಿದಂಥ ಸ್ಪೋರ್ಟ್ಸ್ ಕಾರು ಯಾವುದಾದರೂ ಗುಡುಗುತ್ತ ಹೋದರೆ ಅವನಿಗೆ ಹಬ್ಬ. ಆದರೆ ಅಂಥ ಕಾರು ಈ ಗೇಟಿನೊಳಗೆ ಬಂದರೆ ಮೊದಲ ಮೋರಿಯಲ್ಲೇ ಹೊಟ್ಟೆ ತಾಗಿಸಿಕೊಂಡು ಕೂರುತ್ತದೆ. ಗುಡ್ಡದಲ್ಲಿ ಪಂದ್ಯದ ಗಾಡಿಯೆಂದರೆ ಫೋರ್ ವೀಲ್ ಡ್ರೈವ್ ಗಾಡಿಯೇ. ಹಾಗೆಂದು ಕಾಫಿ ಸೀಮೆಗೆ ವೇಗದ ಪಂದ್ಯ ಹೊಸದೇನಲ್ಲ. ಏಷ್ಯಾ ಪೆಸಿಫಿಕ್ ರ‍್ಯಾಲಿಯ ಭಾರತದ ಸುತ್ತು ನೆರೆಯ ಚಿಕ್ಕಮಗಳೂರಿಗೆ ಬಂದಾಗ, 2013, 2016 ಮತ್ತು 2017ರಲ್ಲಿ ಚಾಂಪಿಯನ್ ಆದ ಗೌರವ್ ಗಿಲ್ ಸ್ಕೋಡಾ ಫ್ಯಾಬಿಯಾವನ್ನು ಓಡಿಸಿದ್ದು ಇಂಥವೇ ತೋಟದ ಮಣ್ಣುದಾರಿಗಳಲ್ಲಿ. ದೇಶದ ರ‍್ಯಾಲಿಗಳಲ್ಲಿ ಜಿಪ್ಸಿಗಳಿಗೆಂದೇ ಬೇರೆ ವರ್ಗವಿತ್ತು.

ಆ ಹೆಮ್ಮೆಯಲ್ಲೇ ಚಿಕ್ಕಪ್ಪ ಮೊದಲು ಹೊರಟರು. 1985ರ ಕೊನೆಗೆ ಮಾರುಕಟ್ಟೆಗೆ ಬಂದಾಗ ಜಿಪ್ಸಿಗೆ ಇದ್ದದ್ದು 970 ಸಿಸಿಯ ಎಂಜಿನ್, ಸುಮಾರು 45 ಅಶ್ವಶಕ್ತಿ. 1996ರಲ್ಲಿ 1.3 ಲೀಟರಿನ ಜಿಪ್ಸಿ ಕಿಂಗ್ ಬಂತು. ಆಮೇಲೆ ಎಂಪಿಎಫ್‌ಐ ಆಗಿ ಶಕ್ತಿ 80ಕ್ಕೆ ಏರಿತು. ಇವರದು ಆ ಕೊನೆಯ ಬಗೆ. ತೂಕ ಒಂದು ಟನ್ನಿಗೂ ತುಸು ಕಡಿಮೆ, ಅಗಲ 1540 ಮಿಲಿಮೀಟರ್ ಮಾತ್ರ. ಲೋ ಗೇರಿಗೆ ಹಾಕಿ ಎಕ್ಸಲರೇಟರ್ ಒತ್ತಿದ್ದೇ, ಗಾಡಿ ಜಾಡು ಬಿಟ್ಟು ದಿಬ್ಬದ ಮೇಲೆ ಹತ್ತಿ, ಮತ್ತೆ ಜಾಡಿಗೆ ಹಾರಿ, ಕುಣಿಯುತ್ತ ಹೋಯಿತು. ಪಟ್ಟೆ ಸ್ಪ್ರಿಂಗಿನ ಏಟಿಗೆ ಚಿಕ್ಕಪ್ಪನ ತಲೆ ಟಾಪಿನ ಕಂಬಿಗೆ ಎರಡು ಸಲ ಬಡಿಯಿತು. ತಿರುವಿನಲ್ಲಿ ಚಕ್ರ ಸುಮ್ಮನೆ ತಿರುಗಿ ಕೆಸರು ಎರಚಿತು. ಅವರು ಗಾಬರಿಯಾಗಲಿಲ್ಲ. ಒಂದು ಮಾರು ಹಿಂದೆ ಬಿಟ್ಟು, ಸ್ಟೇರಿಂಗು ಅತ್ತಿತ್ತ ಆಡಿಸಿ, ಅದೇ ಬಿರುಸಿನಲ್ಲಿ ಕಣ ಮುಟ್ಟಿದರು. ಇಳಿದವರೇ, "ಹಗೂರ ಇದ್ರೆ ಹತ್ತುತ್ತೆ ಕಣೋ, ಅಷ್ಟೇ ಲೆಕ್ಕ" ಎಂದು ಕೂಗಿದರು.

ಥಾರಿನ ಲೆಕ್ಕ ಬೇರೆ. 2020ರ ಅಕ್ಟೋಬರ್ 2ರಂದು ಬಂದ ಈ ಮಾದರಿಯ 2.2 ಲೀಟರ್ ಡೀಸೆಲ್ ಎಂಜಿನ್ನಿಗೆ 130 ಅಶ್ವಶಕ್ತಿ, 300 ನ್ಯೂಟನ್ ಮೀಟರ್ ಎಳೆತ. ನೆಲದಿಂದ ಎತ್ತರ 226 ಮಿಲಿಮೀಟರ್. 650 ಮಿಲಿಮೀಟರ್ ನೀರಿನಲ್ಲೂ ಹಾಯಬಲ್ಲದು. ಕುಣಿತವಿಲ್ಲ, ಬಿರುಸಿಲ್ಲ, ಗುರುಗುಟ್ಟುತ್ತ, ನೀರು ತುಂಬಿದ ಜಾಡಿನಲ್ಲೇ ನಿಧಾನವಾಗಿ ಹತ್ತಿತು. ಹಿಂದಿನ ಒಂದು ಚಕ್ರ ಗಾಳಿಯಲ್ಲಿ ತೇಲಿತು. ಸಾಮಾನ್ಯ ಡಿಫರೆನ್ಷಿಯಲ್ ಆಗಿದ್ದರೆ ಹಿಂಚಕ್ರಗಳ ಶಕ್ತಿಯೆಲ್ಲ ಆ ಸಡಿಲ ಚಕ್ರಕ್ಕೇ ಹೋಗಿ ಗಾಡಿ ತಿಣುಕುತ್ತಿತ್ತು. ಥಾರಿನ ಕೆಲವು ಮಾದರಿಗಳಲ್ಲಿ ಎರಡು ಹಿಂಚಕ್ರಗಳ ವೇಗದ ಅಂತರ ಮಿತಿ ಮೀರಿದೊಡನೆ ತಾನಾಗಿ ಬಿಗಿದುಕೊಳ್ಳುವ ಲಾಕ್ ಇದೆ. ‘ಟಕ್’ ಎಂದು ಅದು ಬಿಗಿಯಿತು, ನೆಲ ಹಿಡಿದಿದ್ದ ಚಕ್ರ ಗಾಡಿಯನ್ನು ತಳ್ಳಿತು. ಆಳುಗಳು ಶಿಳ್ಳೆ ಹೊಡೆದರು.

ಶಿಳ್ಳೆ ತಿರುವಿನ ತನಕ ಮಾತ್ರ. ಸುಮಾರು ಒಂದೂಮುಕ್ಕಾಲು ಟನ್ನಿನ ತೂಕವೂ 1820 ಮಿಲಿಮೀಟರ್ ಅಗಲವೂ ಅಲ್ಲಿ ಕೈಕೊಟ್ಟವು. ಹಿಂಭಾಗ ಕಣಿವೆಯ ಕಡೆಗೆ ಮೆಲ್ಲಗೆ ಜಾರಿತು. ಮುಂದಿನ ಬಂಪರು ಕಾಫಿ ಗಿಡಗಳೊಳಗೆ ನುಗ್ಗಿತು. "ಕಾಯಿ ಉದುರಿಸ್ಬೇಡ್ರೋ! ಒಂದೊಂದು ರೆಂಬೆಗೂ ದುಡ್ಡೈತೆ!" ಎಂದು ಚಿಕ್ಕಪ್ಪ ಮೇಲಿಂದ ಅರಚಿದರು. ಅದು ತಮಾಷೆಯ ಮಾತಲ್ಲ. 2024ರ ಬೇಸಿಗೆಯಲ್ಲಿ 50 ಕಿಲೋ ರೋಬಸ್ಟಾ ಚೆರಿ ಮೂಟೆ 10,000 ರೂಪಾಯಿ ದಾಟಿದ ಮೇಲೆಯೇ ಇಂಥ ಗಾಡಿಗಳ ಮಾತು ಮನೆಮನೆಯಲ್ಲೂ ಎದ್ದದ್ದು. ಥಾರ್ ಹಿಂದೆ ಮುಂದೆ ಮಾಡಿಕೊಂಡು ಮೇಲೆ ಹೋಯಿತು, ಎರಡು ರೆಂಬೆ ಮುರಿದುಕೊಂಡು.

ಜಿಮ್ನಿ ಹೊರಟಾಗ ಯಾರಿಗೂ ಅಂಥ ಆಸೆಯಿರಲಿಲ್ಲ. ಜಿಪ್ಸಿಯ ವಂಶದ್ದೇ ಆದ ಈ ಐದು ಬಾಗಿಲ ಗಾಡಿ ಇಲ್ಲಿ ಮಾರಾಟಕ್ಕೆ ಬಂದದ್ದು 2023ರ ಜೂನ್‌ನಲ್ಲಿ. 1.5 ಲೀಟರ್ ಪೆಟ್ರೋಲ್ ಎಂಜಿನ್, 134 ನ್ಯೂಟನ್ ಮೀಟರ್ ಎಳೆತ. ಥಾರಿನ ಅರ್ಧವೂ ಇಲ್ಲ. ಆದರೆ ತೂಕ ಸುಮಾರು 1200 ಕಿಲೋ, ಅಗಲ 1645 ಮಿಲಿಮೀಟರ್. ಸುಮ್ಮನೆ ತಿರುಗುವ ಚಕ್ರಕ್ಕೆ ತಾನಾಗಿ ಬ್ರೇಕ್ ಹಾಕಿ, ಶಕ್ತಿಯನ್ನು ಹಿಡಿತವಿರುವ ಚಕ್ರದ ಕಡೆ ತಿರುಗಿಸುವುದು ಇದರ ಉಪಾಯ. ಎಂಜಿನ್ ಕೀರಲು ದನಿಯಲ್ಲಿ ಕೂಗಿತು, ಚಕ್ರಗಳು ಕರಕರ ಸದ್ದು ಮಾಡಿದವು. ನಡುವೆ ಒಮ್ಮೆ ನಿಂತಂತಾಗಿ ಎಲ್ಲರೂ ‘ಹೋ’ ಎನ್ನುವಷ್ಟರಲ್ಲಿ ಮತ್ತೆ ನೆಲ ಹಿಡಿಯಿತು. ತಿರುವಿನಲ್ಲಿ ಒಂದು ಎಲೆಯೂ ಅಲ್ಲಾಡಲಿಲ್ಲ.

ಕಣದಲ್ಲಿ ಕಾಫಿ ಲೋಟ ಹಿಡಿದು ವಾದ ಶುರುವಾಯಿತು. ಥಾರ್ ಪಕ್ಷದ ಹುಡುಗರು ಎಳೆತದ ಮಾತೆತ್ತಿದರು: ಹೂತ ಪಿಕಪ್ಪನ್ನು ಎಳೆಯಲು, ಗೊಬ್ಬರದ ಮೂಟೆ ಹೇರಲು ಡೀಸೆಲ್ಲೇ ಬೇಕು. ಪಕ್ಕದ ತೋಟದವರು ಅಡ್ಡ ಮಾತೆತ್ತಿದರು: ಆಲೂರು, ಸಕಲೇಶಪುರದ ಈ ಸೆರಗಿನಲ್ಲಿ ಕತ್ತಲಾದ ಮೇಲೆ ತೋಟದ ದಾರಿಗೆ ಆನೆ ಅಡ್ಡ ಬಂದರೆ ಅಶ್ವಶಕ್ತಿ ಯಾರಿಗೆ ಬೇಕು, ಸರಸರನೆ ಹಿಂದಕ್ಕೆ ಹೋಗಿ ಚಿಕ್ಕ ಜಾಗದಲ್ಲಿ ತಿರುಗಿದರೆ ಸಾಕು. ಚಿಕ್ಕಪ್ಪ ಕಂಪ್ಯೂಟರಿನ ಗಾಡಿಗಳನ್ನೇ ನಂಬುವವರಲ್ಲ. ಜಿಪ್ಸಿಯ ಬಾನೆಟ್ಟಿನ ಅಡಿಯಲ್ಲಿ ಇರುವುದೆಲ್ಲ ಕಣ್ಣಿಗೆ ಕಾಣುತ್ತದೆ, ಊರಿನ ಮೆಕ್ಯಾನಿಕ್ ಬಿಚ್ಚಿ ಜೋಡಿಸುತ್ತಾನೆ ಎಂಬುದು ಅವರ ಹಟ. ಹೊಸ ಜಿಪ್ಸಿ ಮಾತ್ರ ಈಗ ಯಾವ ಶೋರೂಮಿನಲ್ಲೂ ಸಿಗುವುದಿಲ್ಲ.

ಅಷ್ಟು ಹೊತ್ತು ಸುಮ್ಮನಿದ್ದ ಅಮ್ಮ ಥಾರಿನ ಸುತ್ತ ಒಂದು ಸುತ್ತು ಬಂದರು.

"ಹಿಂದ್ಗಡೆ ಬಾಗ್ಲು ಎಲ್ಲೋ ಮಗ?"

"ಮುಂದಿನ ಸೀಟು ಮಡಚಿ ಹತ್ಬೇಕಮ್ಮ."

"ಕೆಂಚಮ್ಮನ ಜಾತ್ರೆಗೆ ಸೀರೆ ಉಟ್ಕಂಡು ಈ ಮಂಡಿ ನೋವಲ್ಲಿ ಸೀಟು ಹಾರಿ ಹತ್ಲಾ?"

ಯಾರೂ ಉತ್ತರ ಕೊಡಲಿಲ್ಲ. ಈ ಪ್ರಶ್ನೆ ಎಷ್ಟು ಮನೆಗಳಲ್ಲಿ ಎದ್ದಿತ್ತೋ, ಮಹೀಂದ್ರಾ 2024ರ ಆಗಸ್ಟ್‌ನಲ್ಲಿ ಐದು ಬಾಗಿಲ ಥಾರ್ ರಾಕ್ಸ್ ತಂದಿತು. ಹುಡುಗನಿಗೆ ಅದೇ ನೆನಪಾಗಿ ಮುಖ ಅರಳಿತು: ಅಮ್ಮನಿಗೆ ಬಾಗಿಲು, ತನಗೆ ಥಾರ್. ಮೊಬೈಲು ತೆಗೆದು ಎಲ್ಲರಿಗೂ ತೋರಿಸಿದ. ಚಿಕ್ಕಪ್ಪ ಕನ್ನಡಕ ಏರಿಸಿ ಅಳತೆಯನ್ನಷ್ಟೇ ಓದಿದರು. ಹಿಂದಿನ ಮುಂದಿನ ಚಕ್ರಗಳ ನಡುವಿನ ಉದ್ದ ಮೂರು ಬಾಗಿಲ ಥಾರಿನಲ್ಲಿ 2450 ಮಿಲಿಮೀಟರ್, ರಾಕ್ಸಿನಲ್ಲಿ 2850. ಜಿಪ್ಸಿಯದು 2375.

"ಶ್ರಾವಣ ಬರ್ಲಿ, ಅದನ್ನ ಇಲ್ಲಿಗೇ ತರ್ಸು" ಎಂದರು, ಕೆಳಗಿನ ತಿರುವಿನ ಕಡೆ ಕೈ ತೋರಿಸಿ. "ಅಲ್ಲಿ ಒಂದೇ ಸಲಕ್ಕೆ ತಿರುಗಿಸಿಬಿಡು. ಅಡ್ವಾನ್ಸು ನಾನೇ ಕಟ್ತೀನಿ."

"ತಿರುಗದೆ ಇದ್ರೆ?"

"ಮುರಿದ ಗಿಡದ ಲೆಕ್ಕ ರೈಟರು ಬರ್ಕಂತಾರೆ. ಆಮೇಲೆ ಜಿಮ್ನಿ ಬುಕ್ ಮಾಡು."