ಕಲ್ಲಿನ ಪುಡಿ ತರಿಸುವ ಮುನ್ನ, ಅದು ಯಾವ ಕಲ್ಲು ಅಂತ ಕೇಳಿ

"ಹೊಲಕ್ಕೆ ಕಲ್ಲಿನ ಪುಡಿ ಹಾಕಿ, ಬೇರೆ ಗೊಬ್ಬರವೇ ಬೇಡ" ಅನ್ನೋ ಮಾತು ಸಾವಯವ ರೈತರ ನಡುವೆ ಆಗಾಗ ಕೇಳಿ ಬರುತ್ತೆ. ಒಂದು ಲೋಡ್‌ಗೆ ದುಡ್ಡು ಕೊಡುವ ಮೊದಲು ಕಲ್ಲಿನ ಹುಟ್ಟು ತಿಳಿದಿರಲಿ.

ಹುಟ್ಟು ಒಂದೇ, ಆರಿದ ಜಾಗ ಬೇರೆ

ವಿಜಯಪುರದ ಕಪ್ಪು ಬಸಾಲ್ಟ್, ರಾಮನಗರದ ಗ್ರಾನೈಟ್ ಎರಡೂ ಕರಗಿದ ಶಿಲಾರಸದಿಂದಲೇ ಆದ ಅಗ್ನಿಶಿಲೆಗಳು. ಬಸಾಲ್ಟ್ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಆಗಿ ನೆಲದ ಮೇಲೆ ಹರಿದು ಬೇಗ ಆರಿತು. ಹಾಗಾಗಿ ಹರಳುಗಳು ಬೆಳೆಯಲು ಸಮಯ ಸಿಗಲಿಲ್ಲ. ಕಣ ಬಲು ಸಣ್ಣ. ಅಲ್ಲಲ್ಲಿ ಗಾಳಿಗುಳ್ಳೆಯ ತೂತುಗಳೂ ಇರುತ್ತವೆ. ರಾಮನಗರದ ಗ್ರಾನೈಟ್ ಸುಮಾರು 250 ಕೋಟಿ ವರ್ಷ ಹಳೆಯದು. ನೆಲದಾಳದಲ್ಲಿ ನಿಧಾನವಾಗಿ ಆರಿದ್ದರಿಂದ ಅದರ ಹರಳುಗಳು ಬರಿಗಣ್ಣಿಗೇ ಕಾಣುತ್ತವೆ. ಕಲ್ಲನ್ನು ಒಡೆದು, ತೊಳೆದು ನೋಡಿದರೆ ಸಾಕು, ಗೊತ್ತಾಗುತ್ತೆ.

ಬೆಳೆಗೆ ಏನು ಸಿಗುತ್ತೆ?

ಕಣದ ಗಾತ್ರ ಹೇಳೋದು ಕಲ್ಲು ಎಲ್ಲಿ ಆರಿತು ಅನ್ನೋದನ್ನ ಮಾತ್ರ. ಪೋಷಕಾಂಶ ನಿಂತಿರೋದು ಅದರೊಳಗಿನ ಖನಿಜಗಳ ಮೇಲೆ. ಬಸಾಲ್ಟ್‌ನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣ ಹೆಚ್ಚು; ಅದು ಬೇಗ ಸವೆದು ಜಿಗುಟು ಎರೆಮಣ್ಣಾಗುತ್ತೆ. ಗ್ರಾನೈಟ್‌ನಲ್ಲಿ ಪೊಟ್ಯಾಷ್ ಇದೆ, ಆದರೆ ಅದು ಬಿಡುಗಡೆ ಆಗೋದು ತೀರಾ ನಿಧಾನ. ಅದರಲ್ಲಿರುವ ಬೆಣಚುಕಲ್ಲು ಸವೆಯದೆ ಮರಳಾಗಿ ಉಳಿಯುತ್ತೆ. ಅದಕ್ಕೇ ಗ್ರಾನೈಟ್ ಸೀಮೆಯ ಕೆಮ್ಮಣ್ಣಲ್ಲಿ ನೀರು ನಿಲ್ಲಲ್ಲ.

ಹಾಗಂತ ಮಣ್ಣಿನ ಬಣ್ಣ ನೋಡಿ ಕಲ್ಲು ಇಂಥದ್ದೇ ಅನ್ನಬೇಡಿ. ರಾಯಚೂರು, ಬಳ್ಳಾರಿ ಕಡೆ ಗ್ರಾನೈಟ್ ಸೀಮೆಯ ತಗ್ಗಿನಲ್ಲೂ ಎರೆಭೂಮಿ ಇದೆ.

ಹಾಗಾದರೆ ಏನು ಮಾಡೋದು?

- ಎರೆಭೂಮಿಗೆ ಕಬ್ಬಿಣ ಸಿಗಲಿ ಅಂತ ಬಸಾಲ್ಟ್ ಪುಡಿ ಹಾಕಿದರೆ ಲಾಭ ಕಡಿಮೆ. ಕ್ಷಾರ ಮಣ್ಣಲ್ಲಿ ಕಬ್ಬಿಣ, ಸತು ಇದ್ದರೂ ಬೇರಿಗೆ ಸಿಗದೆ ಎಳೆ ಎಲೆ ಹಳದಿಯಾಗುತ್ತೆ. ಅಲ್ಲಿ ಕೊಟ್ಟಿಗೆ ಗೊಬ್ಬರವೂ ಬಸಿಗಾಲುವೆಯೂ ಮುಖ್ಯ.
- ಹುಳಿ ಕೆಮ್ಮಣ್ಣಿಗೆ ಬಸಾಲ್ಟ್ ನುಣ್ಣನೆ ಪುಡಿ ನಿಧಾನವಾಗಿ ನೆರವಾಗಬಹುದು. ಆದರೆ ಯಾವ ಕಲ್ಲಿನ ಪುಡಿಯಲ್ಲೂ ಸಾರಜನಕ ಸಿಗಲ್ಲ. ಕಾಂಪೋಸ್ಟ್, ಹಸಿರೆಲೆ ಗೊಬ್ಬರ, ಮುಚ್ಚಿಗೆ ಬಿಡಬೇಡಿ.
- ಜಲ್ಲಿ ಕ್ರಷರ್‌ನ ದಪ್ಪ ಪುಡಿ ಒಂದೇ ಬೆಳೆಯಲ್ಲಿ ಫಲ ಕೊಡುತ್ತೆ ಅಂದ್ರೆ ನಂಬಬೇಡಿ.
- ಪುಡಿ ಎರಚುವಾಗ ಸ್ವಲ್ಪ ಒದ್ದೆ ಮಾಡಿ, ಒಳ್ಳೆ ಮಾಸ್ಕ್ ಹಾಕಿ. ಬೆಣಚುಕಲ್ಲಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಆಮೇಲೆ ನಾಲ್ಕು ಸಾಲಿಗೆ ಪುಡಿ ಹಾಕಿ, ಪಕ್ಕದ ನಾಲ್ಕು ಸಾಲು ಹಾಗೇ ಬಿಡಿ. ಎರಡು ವರ್ಷದ ಇಳುವರಿ ತೂಗಿ ನೋಡಿದ ಮೇಲೆ ಲೋಡ್ ತರಿಸಬೇಕೋ ಬೇಡವೋ ಅಂತ ನೀವೇ ತೀರ್ಮಾನಿಸಿ.