ಸ್ಕ್ರೀನ್ ರೆಕಾರ್ಡಿಂಗ್ ಪಾಠ: ಮೊದಲು ದನಿ, ಆಮೇಲೆ ಚಿತ್ರ

ಬೋಧನಾಭ್ಯಾಸದ ಅವಧಿಯಲ್ಲಿ ಹತ್ತನೇ ತರಗತಿಗೆ ಪೀನ ಮಸೂರದ ಕಿರಣ ಚಿತ್ರಗಳ ಬಗ್ಗೆ 12 ನಿಮಿಷದ ವಿಡಿಯೊ ಮಾಡಿ ಕಳಿಸಿದ್ದೆ. ಕೊನೆಯವರೆಗೆ ನೋಡಿದವರು ಮೂವರೇ. "ಮಿಸ್, ಬರೀ ಫ್ಯಾನ್ ಸದ್ದು ಕೇಳಿಸ್ತಿತ್ತು. ಎಫ್ ಎಲ್ಲಿದೆ ಅಂತಾನೇ ಕಾಣಲಿಲ್ಲ" ಎಂದಳು ಒಬ್ಬಳು. ಕೊರತೆ ಮಕ್ಕಳ ಆಸಕ್ತಿಯಲ್ಲಿರಲಿಲ್ಲ, ನನ್ನ ರೆಕಾರ್ಡಿಂಗ್‌ನಲ್ಲಿತ್ತು.

ಮೊದಲು ದನಿ ಸರಿಪಡಿಸಿದೆ. ಫ್ಯಾನ್ ಆರಿಸಿ, ಇಯರ್‌ಫೋನಿನ ಮೈಕನ್ನು ಬಾಯಿಂದ ಒಂದು ಗೇಣು ದೂರದಲ್ಲಿ, ತುಸು ಪಕ್ಕಕ್ಕೆ ಇಟ್ಟುಕೊಂಡೆ. ಮೈಕ್ ಹತ್ತಿರವಿದ್ದರೆ ಕೋಣೆಯ ಪ್ರತಿಧ್ವನಿಗಿಂತ ಮಾತು ಸ್ಪಷ್ಟ. ನೇರ ಎದುರಿಗಿದ್ದರೆ 'ಪ', 'ಬ' ಉಚ್ಚರಿಸುವಾಗ ಉಸಿರು ಬಡಿಯುತ್ತದೆ. ಆರಂಭದಲ್ಲಿ 5 ಸೆಕೆಂಡು ಸುಮ್ಮನಿದ್ದೆ. ಆ ಭಾಗವನ್ನು ಮಾದರಿಯಾಗಿ ಕೊಟ್ಟರೆ ಅಡಾಸಿಟಿ ತಂತ್ರಾಂಶ ಉಳಿದ ಗುಂಯ್‌ ಸದ್ದನ್ನು ತಗ್ಗಿಸುತ್ತದೆ.

ನಂತರ ಪರದೆ. ಮಕ್ಕಳು ನೋಡುವುದು ಮನೆಯವರ ಫೋನಿನಲ್ಲಿ. ಲ್ಯಾಪ್‌ಟಾಪಿನ 1920×1080 ಪರದೆ ಅಂಗೈಯಗಲಕ್ಕೆ ಕುಗ್ಗಿದರೆ ಅಕ್ಷರಗಳು ಇರುವೆಗಳಂತಾಗುತ್ತವೆ. ಈಗ ಪರದೆಯನ್ನೇ 1280×720ಕ್ಕೆ ಇಳಿಸಿ, ಜಿಯೋಜೀಬ್ರಾದ ಚಿತ್ರವನ್ನು ಹಿಗ್ಗಿಸಿ, ಒಬಿಎಸ್‌ನಲ್ಲಿ ಅದೇ ಅಳತೆಗೆ ರೆಕಾರ್ಡ್ ಮಾಡುತ್ತೇನೆ.

ವಸ್ತುವಿನ ಒಂದು ಸ್ಥಾನಕ್ಕೆ ಒಂದೇ ಕಿರು ವಿಡಿಯೊ. ವಸ್ತುವನ್ನು ಎಫ್ ಮತ್ತು 2ಎಫ್ ನಡುವೆ ಇಟ್ಟು, "ವಿಡಿಯೊ ನಿಲ್ಲಿಸಿ, ಕಿರಣಗಳನ್ನು ನೀವೇ ಎಳೆಯಿರಿ" ಎನ್ನುತ್ತೇನೆ. ಉತ್ತರ ಆಮೇಲೆ: ಪ್ರತಿಬಿಂಬ ಆಚೆ ಬದಿಯ 2ಎಫ್‌ಗಿಂತ ದೂರದಲ್ಲಿ, ದೊಡ್ಡದಾಗಿ, ತಲೆಕೆಳಗಾಗಿ.

ಕಳಿಸುವ ಮೊದಲು ನಾನೇ ಫೋನಿನಲ್ಲಿ, ಇಯರ್‌ಫೋನಿಲ್ಲದೆ ಒಮ್ಮೆ ನೋಡುತ್ತೇನೆ. ಹೊಸ ವಿಡಿಯೊ ಕಳಿಸಿದ ಮರುದಿನ ಅದೇ ಹುಡುಗಿ ನೋಟ್‌ಬುಕ್ ತಂದು ತೋರಿಸಿದಳು. ಕಿರಣಗಳಿಗೆ ಬಾಣದ ಗುರುತೂ ಇತ್ತು.