ಕುದುರೆ ಎಷ್ಟು ದಿನ ನಿಲ್ಲಬೇಕು?

ಭತ್ತದ ಕೊಯ್ಲು ಮುಗಿದಿತ್ತು. ಖಾನಾಪುರದ ಹತ್ತಿರ ಒಂದು ಗದ್ದೆಯಲ್ಲಿ ಕುರಿಹಿಂಡು ತಂಗಿತ್ತು. ಕಲಿಕಾ ಕೇಂದ್ರದ ಅಕ್ಕಂದಿರ ಜೊತೆ ನಾವೂ ಹೋಗಿದ್ದೆವು. ಅಲ್ಲಿ ಒಂದು ಕಂದು ಕುದುರೆ ನಿಂತಿತ್ತು. ಅದರ ಮುಂಗಾಲಿಗೆ ಬಟ್ಟೆ ಸುತ್ತಿದ್ದರು.

ಕುರುಬರ ಕುದುರೆ ಎಂದರೆ ನಡೆದಾಡುವ ಮನೆ. ಹಾಸಿಗೆ, ಪಾತ್ರೆ, ಜೋಳದ ಚೀಲ, ಆಗ ತಾನೇ ಹುಟ್ಟಿದ ಕುರಿಮರಿ ಎಲ್ಲ ಅದರ ಬೆನ್ನ ಮೇಲೆ. ಹೊರೆ ಹೇರೋದು, ಇಳಿಸೋದು ಹೆಣ್ಣುಮಕ್ಕಳ ಕೆಲಸ. ಕುದುರೆ ಕುಂಟಿದರೆ ಆ ಹೊರೆ ಯಾರ ತಲೆಗೆ ಬರುತ್ತದೆ? ನಿಮಗೇ ಗೊತ್ತು.

"ಹದಿನೈದು ದಿನ ಆತ್ರಿ. ಬಾವು ಇಳದೈತಿ. ನಾಳೆ ಬೆಳಗಾವಿ ಕಡೆ ಹೋಗಬೇಕು. ಹೊರೆ ಹಾಕಲೇನು?" ಎಂದು ಒಡತಿ ಕೇಳಿದಳು. ಬೆಳಗಾವಿ ಅಲ್ಲಿಂದ ಸುಮಾರು 25 ಕಿಲೋಮೀಟರ್. ಹಿಂದೊಮ್ಮೆ ಹೀಗೇ ಅವಸರ ಮಾಡಿ ಆಕೆ ಒಂದು ಕುದುರೆ ಕಳೆದುಕೊಂಡಿದ್ದಳು. ಅದಕ್ಕೇ ಅಂಜಿಕೆ.

ನಮಗೆ ಉತ್ತರ ತಿಳಿಯಲಿಲ್ಲ. 1962 ಕ್ಕೆ ಫೋನ್ ಮಾಡಿ ಪಶು ಡಾಕ್ಟರನ್ನು ಕರೆಸಿದೆವು. ಈ ಫೋನಿಗೆ ದುಡ್ಡು ಬೀಳೋದಿಲ್ಲ.

"ದಿನ ಎಣಿಸಬ್ಯಾಡ್ರಿ, ಪೆಟ್ಟು ಎಲ್ಲಿ ಆಗೇತಿ ನೋಡ್ರಿ" ಎಂದರು ಡಾಕ್ಟರು. ಗೊರಸಿನ ಒಳಗೆ ಕೀವು ಆಗಿದ್ದರೆ, ಕೀವು ತೆಗೆಸಿದ ಮೇಲೆ ಒಂದೆರಡು ವಾರ ಸಾಕು. ಚರ್ಮ ಹರಿದಿದ್ದರೆ ಹೊಲಿಗೆ ಬಿಚ್ಚುವವರೆಗೆ, ಅಂದರೆ 10 ರಿಂದ 14 ದಿನ. (ಗಾಯ ಸಣ್ಣದಿದ್ದರೂ ಧನುರ್ವಾಯು ಸೂಜಿ ಹಾಕಿಸಬೇಕು. ಆ ರೋಗ ಕುದುರೆಗೆ ಬಹಳ ಬೇಗ ತಗಲುತ್ತದೆ.) ಎಲುಬು ಬಿರಿದಿದ್ದರೆ ತಿಂಗಳುಗಟ್ಟಲೆ.

ಮೋಸ ಆಗೋದು ನರದ ಪೆಟ್ಟಿನಲ್ಲಿ. ಮೊಣಕಾಲಿನ ಕೆಳಗೆ, ಹಿಂಬದಿಗೆ, ಹಗ್ಗದಂಥ ಗಟ್ಟಿ ನರ ಇದೆ. ಕುದುರೆಯ ಭಾರವೆಲ್ಲ ಅದರ ಮೇಲೆ. ಅದಕ್ಕೆ ರಕ್ತ ಹರಿಯೋದು ಕಡಿಮೆ. ಹಾಗಾಗಿ ಅದು ನಿಧಾನ ಮಾಯುತ್ತದೆ. ಕೆಲವೇ ವಾರದಲ್ಲಿ ಬಾವು ಇಳಿಯುತ್ತದೆ, ಕುಂಟೋದು ನಿಲ್ಲುತ್ತದೆ. ಒಳಗಿನ ಎಳೆ ಮಾತ್ರ ಇನ್ನೂ ಹಸಿ. ಆಗ ಹೊರೆ ಹಾಕಿದರೆ ಮತ್ತೆ ಹರಿಯುತ್ತದೆ. ಎರಡನೇ ಸಲ ಹರಿದದ್ದು ಮೊದಲಿನಂತೆ ಆಗೋದು ಕಷ್ಟ. ಪೆಟ್ಟು ದೊಡ್ಡದಾಗಿದ್ದರೆ ಪೂರ್ತಿ ಗಟ್ಟಿಯಾಗಲು 9 ರಿಂದ 12 ತಿಂಗಳು ಬೇಕು. ಇದನ್ನು ಕೇಳಿ ನಾವೆಲ್ಲ ಬಾಯಿ ಮೇಲೆ ಕೈ ಇಟ್ಟೆವು.

ಅಷ್ಟೂ ತಿಂಗಳು ಕಟ್ಟಿ ಹಾಕಬೇಕೇ? ಇಲ್ಲ. ಮೊದಲು ಕೆಲವು ವಾರ ಸಣ್ಣ ಜಾಗದಲ್ಲಿ ಬಿಡಬೇಕು. ಆಚೀಚೆ ತಿರುಗಲು ಜಾಗ ಇರಲಿ, ಓಡಲು ಬೇಡ. ಆಮೇಲೆ ಡಾಕ್ಟರು ಹೇಳಿದಾಗ, ಹಗ್ಗ ಹಿಡಿದು 5 ನಿಮಿಷ ನಡೆಸಬೇಕು. ವಾರಕ್ಕೆ 5 ನಿಮಿಷ ಏರಿಸಬೇಕು. ಹೀಗೆ ನಡೆದರೆ ಎಳೆ ಸರಿಯಾಗಿ ಕೂಡುತ್ತದೆ.

ನಿಂತ ಕುದುರೆಗೆ ಹುರಳಿ, ಜೋಳ ಕಡಿಮೆ ಮಾಡಬೇಕು. ಒಣ ಹುಲ್ಲು, ನೀರು ಸಾಕಷ್ಟು ಕೊಡಬೇಕು. ಹಿಂದೆ ವಿದೇಶದಲ್ಲಿ ಗಾಡಿ ಕುದುರೆಗಳಿಗೆ ಭಾನುವಾರ ರಜೆ ಇರುತ್ತಿತ್ತು. ಕಾಳು ಮಾತ್ರ ದಿನದಷ್ಟೇ ಹಾಕುತ್ತಿದ್ದರು. ಸೋಮವಾರ ಗಾಡಿಗೆ ಹೂಡಿದರೆ ಕೆಲವಕ್ಕೆ ತೊಡೆ ಸೆಟೆದು, ಉಚ್ಚೆ ಕಪ್ಪಾಗುತ್ತಿತ್ತು. ಅದಕ್ಕೆ ಸೋಮವಾರದ ರೋಗ ಎಂದೇ ಹೆಸರು ಬಿತ್ತು.

ಡಾಕ್ಟರು ಒಡತಿಯ ಕೈಯಿಂದಲೇ ಪರೀಕ್ಷೆ ಮಾಡಿಸಿದರು. ಅಂಗೈ ಹಿಂಬದಿಯಿಂದ ಎರಡೂ ಕಾಲು ಮುಟ್ಟಿಸಿದರು. ಪೆಟ್ಟಾದ ಕಾಲು ಬೆಚ್ಚಗಿತ್ತು. ಗಟ್ಟಿ ನೆಲದ ಮೇಲೆ ನಡೆಸಿದರು. ಆ ಕಾಲು ಊರಿದಾಗೆಲ್ಲ ಕುದುರೆ ತಲೆ ಮೇಲೆತ್ತುತ್ತಿತ್ತು. ನರ ಒತ್ತಿದಾಗ ಕಾಲು ಎಳೆದುಕೊಂಡಿತು.

"ಇನ್ನೂ ನೋವೈತಿ" ಎಂದಳು ಒಡತಿ.

ಗದ್ದೆಯ ಯಜಮಾನರು ಕೊಟ್ಟಿಗೆಯ ಒಂದು ಮೂಲೆ ಬಿಟ್ಟುಕೊಟ್ಟರು. ಸಾಮಾನು ಟೆಂಪೊದಲ್ಲಿ ಹೋಯಿತು. ಬಾಡಿಗೆಗಾಗಿ ಒಂದು ಕುರಿ ಮಾರಿದರು. ಅತ್ತೆ ಕುದುರೆಯ ಜೊತೆ ಉಳಿದಳು. ಡಾಕ್ಟರು ಮತ್ತೆ ಬರುವ ತಾರೀಖನ್ನು ಕೊಟ್ಟಿಗೆಯ ಗೋಡೆ ಮೇಲೆ ಇದ್ದಿಲಿನಿಂದ ಬರೆದವಳು ನಮ್ಮ ಕೇಂದ್ರದ ಅಕ್ಕ.